ಇಪ್ಪತ್ತು ಸೆಕೆಂಡಿಗೊಂದು ನಗು

ಅತ್ತೆಯನ್ನು ಮಣ್ಣು ಮಾಡಿ ಬಂದ ಆರನೆಯ ದಿನ ಮೇಸ್ತ್ರಿ ಬೈಕಿನಿಂದ ಇಳಿಯದೆಯೇ ಕೂಗಿ ಹೇಳಿದ: "ಈ ವಾರ ರ‍್ಯಾಂಕಿನ ವಾರ. ದಿನಕ್ಕೆ ಏಳುನೂರು ಒತ್ತಬೇಕು. ಮುದುಕಿ ಪಾಲೂ ನಿಂದೇ."

ಸೂಜಿ ಪೊರಕೆಯನ್ನು ಗೋಡೆಗೆ ಒರಗಿಸಿದಳು.

"ಏನಂದ್ರಿ?"

"ಕಿವಿ ಕೇಳಲ್ವಾ? ಏಳುನೂರು."

"ಮುದುಕಿ ಪಾಲು ಅಂದ್ರಲ್ಲ, ಅದನ್ನ ಇನ್ನೊಂದ್ಸಲ ಹೇಳಿ."

ಮೇಸ್ತ್ರಿ ಬೈಕ್ ತಿರುಗಿಸಿಕೊಂಡು ಹೊರಟುಹೋದ. ಅವನಿಗೆ ಇನ್ನೂ ಮೂವತ್ತು ಕಡೆ ಇದೇ ಮಾತು ಹೇಳುವುದಿತ್ತು.

ಸೂಜಿ ಅನ್ನುವುದು ಅತ್ತೆ ಇಟ್ಟ ಹೆಸರು. ಮದುವೆಯಾಗಿ ಮನೆಗೆ ಬಂದ ವಾರಕ್ಕೇ ಇಟ್ಟದ್ದು. "ಮೈಯೂ ಹಂಗೇ, ಮಾತೂ ಹಂಗೇ" ಅಂತ. ಇಬ್ಬರೂ ಒಂದೇ ಸಾರ್ವಜನಿಕ ಶೌಚಾಲಯದಲ್ಲಿ ಕೆಲಸಕ್ಕಿದ್ದರು. ಅತ್ತೆ ಇಪ್ಪತ್ತೆರಡು ವರ್ಷದಿಂದ, ಸೊಸೆ ನಾಲ್ಕು ವರ್ಷದಿಂದ. ಬೆಳಿಗ್ಗೆ ಆರಕ್ಕೆ ಬಾಗಿಲು ತೆಗೆಯಬೇಕು. ಹನ್ನೆರಡು ಕಕ್ಕಸು, ಎಂಟು ಉಚ್ಚೆ ತೊಟ್ಟಿ, ಒಂದು ಉದ್ದನೆಯ ಓಣಿ. ಆಸಿಡ್ ಸುರಿ, ಉಜ್ಜು, ನೀರು ಹೊಯ್ಯಿ. ಬೇರೆಯವರು ಹೊಟ್ಟೆ ಹಗುರ ಮಾಡಿಕೊಂಡು ಹೋಗುತ್ತಾರೆ. ಅವರು ಬಿಟ್ಟುಹೋದದ್ದು ಇವರ ಉಗುರಿನ ಸಂದಿಯಲ್ಲಿ ಕೂರುತ್ತದೆ. ಊಟಕ್ಕೆ ಕೂತಾಗ ಅತ್ತೆ ಎಡಗೈಯನ್ನು ಬೆನ್ನ ಹಿಂದೆ ಇಟ್ಟುಕೊಳ್ಳುತ್ತಿದ್ದಳು. ಕಣ್ಣಿಗೆ ಬೀಳಬಾರದು ಅಂತ.

ಒಂದು ವರ್ಷದ ಹಿಂದೆ ಆ ಓಣಿಯ ಗೋಡೆಗೆ ಯಂತ್ರ ತಂದು ಬಡಿದರು. ಅಂಗೈ ಅಗಲದ್ದು. ಅದರಲ್ಲಿ ಮೂರು ಮುಖ. ಹಸಿರು ಮುಖ ನಗುತ್ತದೆ, ಹಳದಿ ಮುಖ ಸುಮ್ಮನಿರುತ್ತದೆ, ಕೆಂಪು ಮುಖ ಅಳುತ್ತದೆ. ಬಂದು ಹೋಗುವ ಜನ ಒಂದನ್ನು ಒತ್ತಬೇಕು. ಒತ್ತಿದ್ದು ನಗರಪಾಲಿಕೆಗೆ ಹೋಗುವುದಿಲ್ಲ, ನೇರ ರಾಜಧಾನಿಗೆ. ಅಲ್ಲಿ ಕೂತವರು ಯಾವ ಊರಿನ ಜನ ಎಷ್ಟು ಖುಷಿಯಾಗಿದ್ದಾರೆ ಅಂತ ಎಣಿಸಿ, ಒಂದೊಂದು ಶೌಚಾಲಯದ ಲೆಕ್ಕವನ್ನೂ ವಾಪಸು ಕಳಿಸಿ, ಊರುಗಳಿಗೆ ರ‍್ಯಾಂಕ್ ಕೊಡುತ್ತಾರೆ.

ಜನ ಒತ್ತುತ್ತಾರಾ? ಕಕ್ಕಸಿನಿಂದ ಹೊರಗೆ ಬಂದವನಿಗೆ ಪ್ಯಾಂಟಿನ ಜಿಪ್ಪು ಹಾಕಿಕೊಳ್ಳುವುದೇ ಮರೆತಿರುತ್ತದೆ. ಯಂತ್ರ ಯಾರಿಗೆ ನೆನಪಿರುತ್ತೆ? ಮೊದಲ ತಿಂಗಳು ದಿನಕ್ಕೆ ಮೂರು, ನಾಲ್ಕು. ಆಗ ಪಾಲಿಕೆಯ ಎಂಜಿನಿಯರ್ ಸಾಹೇಬ ಮೇಸ್ತ್ರಿಗೆ ಹೇಳಿದ. ಮೇಸ್ತ್ರಿ ಹೆಂಗಸರಿಗೆ ಹೇಳಿದ. ಬಾಯಲ್ಲಿ ಹೇಳಿದ, ಕಾಗದದಲ್ಲಿ ಬರೆಯಲಿಲ್ಲ. ಒಬ್ಬೊಬ್ಬರೂ ದಿನಕ್ಕೆ ಮುನ್ನೂರೈವತ್ತು ಸಲ ಹಸಿರು ಮುಖ ಒತ್ತಬೇಕು.

ಒತ್ತುವುದೇನು ಮಹಾ ಅನ್ನಬೇಡಿ. ಒಂದು ಸಲ ಒತ್ತಿದರೆ ಮೂರು ಮುಖವೂ ಕಪ್ಪಾಗುತ್ತವೆ. ಇಪ್ಪತ್ತು ಸೆಕೆಂಡು ಆದ ಮೇಲೆ ಮತ್ತೆ ಹೊತ್ತಿಕೊಳ್ಳುತ್ತವೆ. ಒಬ್ಬನೇ ನಿಂತು ಟಪಟಪ ಒತ್ತಬಾರದು ಅಂತ ಯಂತ್ರ ಮಾಡಿದವರ ಬುದ್ಧಿವಂತಿಕೆ. ಅದಕ್ಕೆ ಅತ್ತೆ ಬೇರೆ ಬುದ್ಧಿ ಕಂಡುಹಿಡಿದಳು. ಒಂದು ಕಕ್ಕಸಿಗೆ ಆಸಿಡ್ ಸುರಿದು ಬಂದು ಒತ್ತು. ಹೋಗಿ ಉಜ್ಜಿ ಬಂದು ಒತ್ತು. ನೀರು ಹೊಯ್ದು ಬಂದು ಒತ್ತು. ಓಣಿಯ ಉದ್ದಕ್ಕೂ ಅವಳ ಕಾಲು ಓಡುತ್ತಲೇ ಇತ್ತು. ಮಂಡಿ ಊದಿಕೊಂಡರೂ ಓಡುತ್ತಿತ್ತು. ಆಸಿಡ್ ತಿಂದ ಬೆರಳು ಒತ್ತಿ ಒತ್ತಿ ಹಸಿರು ಮುಖದ ಒಂದು ಕಣ್ಣು ಅಳಿಸಿಹೋಗಿತ್ತು.

"ನಗು, ಮುಂಡೇದೇ, ನಗು," ಅನ್ನುತ್ತಿದ್ದಳು. "ನಿಂಗೇನು, ಕೂತಲ್ಲೇ ಸಂಬಳ."

ಅವಳಿಗೆ ಯಾವ ಕೆಲಸವನ್ನೂ ಅರೆಬರೆ ಮಾಡಲು ಬರುತ್ತಿರಲಿಲ್ಲ. ಆ ಸುಳ್ಳು ಕೆಲಸವನ್ನೂ ನಿಯತ್ತಾಗಿ ಮಾಡಿದಳು. ಇಡೀ ಊರಿನಲ್ಲಿ ಇವರದೇ ಮೊದಲ ನಂಬರಿನ ಶೌಚಾಲಯವಾಯಿತು. ನೂರಕ್ಕೆ ತೊಂಬತ್ತೆಂಟು ಜನ ಖುಷಿ.

ಆ ತೊಂಬತ್ತೆಂಟೇ ಅವಳನ್ನು ಕೊಂದದ್ದು.

ಕಟ್ಟಡದ ಹಿಂದೆ ಮಲದ ಗುಂಡಿ ಇತ್ತು. ಅದರ ಮೇಲಿನ ಚಪ್ಪಡಿ ಬಿರುಕು ಬಿಟ್ಟಿತ್ತು. ಮೊದಲು ಕೂದಲಿನಷ್ಟು, ಆಮೇಲೆ ಬೆರಳು ತೂರುವಷ್ಟು. ಸೂಜಿ ಏಳನೆಯ ಕ್ಲಾಸಿನವರೆಗೆ ಓದಿದ್ದಳು. ಫೋನಿನಲ್ಲಿ ಫೋಟೋ ತೆಗೆದು ಪಾಲಿಕೆಯ ಆ್ಯಪಿಗೆ ದೂರು ಹಾಕಿದಳು. ಎರಡನೆಯ ದಿನ ಉತ್ತರ ಬಂತು: 'ಸ್ಥಳ ಪರಿಶೀಲಿಸಲಾಗಿದೆ. ದೋಷವಿಲ್ಲ. ಬಳಕೆದಾರರ ತೃಪ್ತಿ ನೂರಕ್ಕೆ ತೊಂಬತ್ತೆಂಟು. ದೂರು ಮುಕ್ತಾಯ.' ಕೆಳಗೆ ಎಂಜಿನಿಯರನ ಹುದ್ದೆ.

ಸ್ಥಳಕ್ಕೆ ಯಾರೂ ಬಂದಿರಲಿಲ್ಲ. ಎಂಜಿನಿಯರನ ಕಾರು ರಸ್ತೆಯ ಆಚೆ ಬದಿಯಲ್ಲಿ ನಿಲ್ಲುತ್ತಿತ್ತು. ಗಾಜು ನಾಲ್ಕು ಬೆರಳು ಇಳಿಯುತ್ತಿತ್ತು. ಆ ಸಂದಿಯಿಂದಲೇ ಮೇಸ್ತ್ರಿಯ ಜೊತೆ ಮಾತಾಡಿ, ಗಾಜು ಏರಿಸಿಕೊಂಡು ಹೋಗುತ್ತಿತ್ತು.

"ತೊಂಬತ್ತೆಂಟಂತಾ?" ಅತ್ತೆ ಕೇಳಿದಳು. "ಉಳಿದಿಬ್ಬರು ಯಾರೇ, ಖುಷಿ ಇಲ್ಲದೋರು?"

"ನೀವು, ನಾನು."

ಅತ್ತೆ ನಕ್ಕಳು. ಕೆಮ್ಮು ಬರುವಷ್ಟು ನಕ್ಕಳು. ಆಮೇಲೆ ಎದ್ದು ಹೋಗಿ ಹಸಿರು ಮುಖ ಒತ್ತಿ ಬಂದಳು. ಇಪ್ಪತ್ತು ಸೆಕೆಂಡು ಆಗಿತ್ತು.

ಒಂಬತ್ತು ಸಲ ದೂರು ಹಾಕಿದರು. ಒಂಬತ್ತು ಸಲವೂ ಅದೇ ಉತ್ತರ ಬಂತು. ಅಕ್ಷರ ಕೂಡ ಬದಲಾಗಲಿಲ್ಲ.

ಇದರ ನಡುವೆ ಮೇಯರ್ ಚುನಾವಣೆಗೆ ಸಿದ್ಧನಾಗುತ್ತಿದ್ದ. 'ನಗುವ ನಗರ' ಅಂತ ಬ್ಯಾನರ್ ಬಂತು. ಬ್ಯಾನರಿನಲ್ಲಿ ಅವನ ಹಲ್ಲು ಒಂದೊಂದೂ ಇಟ್ಟಿಗೆಯಷ್ಟಿದ್ದವು. ಮೊದಲ ನಂಬರಿನ ಶೌಚಾಲಯದ ಫೋಟೋ ತೆಗೆಯಲು ಕ್ಯಾಮೆರಾದವರು ಬರುತ್ತಾರೆ ಅಂತಾಯಿತು. ಮುಂಬದಿಗೆ ಬಣ್ಣ ಬಳಿದರು.

ಆ ಕಟ್ಟಡದಲ್ಲಿ ನಲ್ಲಿಗಳಿದ್ದವು. ನಲ್ಲಿಯಲ್ಲಿ ನೀರಿರಲಿಲ್ಲ. ಪಂಪು ಕೆಟ್ಟು ವರ್ಷವಾಗಿತ್ತು. ಕಾಗದದಲ್ಲಿ ಮಾತ್ರ ಇಪ್ಪತ್ತನಾಲ್ಕು ಗಂಟೆ ನೀರು. ಅತ್ತೆ, ಸೊಸೆ ರಸ್ತೆ ದಾಟಿ ಬೀದಿ ನಲ್ಲಿಯಿಂದ ದಿನಕ್ಕೆ ಅರವತ್ತು ಕೊಡ ಹೊತ್ತು ತರುತ್ತಿದ್ದರು. ಫೋಟೋದ ದಿನ ಮೇಸ್ತ್ರಿ ಹೇಳಿದ: "ಮುಂದಿನ ಬಾಗಿಲಿಂದ ಕೊಡ ಹೊತ್ಕೊಂಡು ಓಡಾಡಬೇಡಿ. ಫೋಟೋದಲ್ಲಿ ಬಿದ್ರೆ ನೀರಿಲ್ಲ ಅಂತ ಗೊತ್ತಾಗತ್ತೆ. ಹಿಂದಿಂದ ಬನ್ನಿ."

"ಹಿಂದೆ ಚಪ್ಪಡಿ ಒಡೆದಿದೆ," ಅಂದಳು ಸೂಜಿ.

"ಪಕ್ಕಕ್ಕೆ ಕಾಲಿಡಿ. ಕಣ್ಣಿಲ್ವಾ?"

ಪಕ್ಕದಲ್ಲಿ ಒಂದು ಗೇಣು ಜಾಗ. ಅತ್ತೆಯ ತಲೆಯ ಮೇಲೊಂದು ಕೊಡ, ಸೊಂಟದಲ್ಲೊಂದು. ಬೆಳಿಗ್ಗೆ ಏಳು ಗಂಟೆ. ಮುಂಬದಿಯಲ್ಲಿ ಕ್ಯಾಮೆರಾದವನು ಯಾರಿಗೋ "ಸ್ವಲ್ಪ ಬಲಕ್ಕೆ" ಅನ್ನುತ್ತಿದ್ದ. ಸೂಜಿ ಎಂಟು ಹೆಜ್ಜೆ ಹಿಂದಿದ್ದಳು. ಚಪ್ಪಡಿ ಮುರಿದಾಗ ದೊಡ್ಡ ಸದ್ದೇನೂ ಆಗಲಿಲ್ಲ. ಒಣ ರೊಟ್ಟಿ ಮುರಿದ ಹಾಗಾಯಿತು, ಅಷ್ಟೇ. ಅತ್ತೆ ನಿಂತಿದ್ದ ಜಾಗದಲ್ಲಿ ತೂತು ಇತ್ತು.

ಸೂಜಿ ಬೋರಲು ಬಿದ್ದು ಕೈ ಇಳಿಬಿಟ್ಟಳು. ಕೆಳಗೆ ಕತ್ತಿನವರೆಗೆ ಮುಳುಗಿದ್ದ ಅತ್ತೆ ಮೊದಲು ಕೈ ಚಾಚಲಿಲ್ಲ. ಕೊಡ ಎತ್ತಿ ಕೊಟ್ಟಳು. "ಇದನ್ನ ಹಿಡಿ," ಅಂದಳು. "ಆಫೀಸಿಂದು. ಕಳೆದ್ರೆ ಬೈತಾರೆ."

ಸೂಜಿ ಕೊಡ ಹಿಡಿದು ಆಚೆ ಎಸೆದು ಮತ್ತೆ ಕೈ ಇಳಿಬಿಡುವಷ್ಟರಲ್ಲಿ ಗುಂಡಿಯ ಗಾಳಿ ಅತ್ತೆಯ ತಲೆಗೆ ಏರಿತ್ತು. ಕಣ್ಣು ಮೇಲಾಗಿತ್ತು. ಬೆರಳು ಸಿಕ್ಕಿತು. ಜಾರಿತು.

ಸೂಜಿ ಕಿರುಚಿದಳು. ಮುಂಬದಿಯಿಂದ ಯಾರೋ, "ಶ್, ಶೂಟಿಂಗ್ ನಡೀತಿದೆ" ಅಂದರು.

ಹೆಣ ಮೇಲೆ ಬಂದದ್ದು ಒಂಬತ್ತಕ್ಕೆ. ಹೊಸ ಚಪ್ಪಡಿ ಬಂದದ್ದು ಹನ್ನೆರಡಕ್ಕೆ. ಒಂಬತ್ತು ದೂರಿಗೆ ಬಾರದ ಚಪ್ಪಡಿ ಮೂರು ಗಂಟೆಯಲ್ಲಿ ಬಂದು ಕೂತಿತು. ಒಡೆದ ಚೂರುಗಳನ್ನು ಲಾರಿಯಲ್ಲಿ ಎಲ್ಲಿಗೋ ಸಾಗಿಸಿಬಿಟ್ಟರು.

ಶವಾಗಾರದ ಬಾಗಿಲಲ್ಲಿ ಸೂಜಿಯ ಗಂಡ ನಿಂತಿದ್ದ. ಕಸದ ಲಾರಿಯ ಡ್ರೈವರ್. ಮೇಸ್ತ್ರಿ ಅವನ ಹೆಗಲ ಮೇಲೆ ಕೈ ಹಾಕಿ, "ಹೆಣ ಬಿಡಿಸ್ಕೊಳ್ಳೋಕೆ ಒಂದು ಸಹಿ" ಅಂತ ಕಾಗದ ಕೊಟ್ಟ. ತಾಯಿಯ ಹೆಣ ಒಳಗಿದೆ. ಯಾವ ಮಗ ಕಾಗದ ಓದುತ್ತಾನೆ? ಸಹಿ ಹಾಕಿದ. ಐದನೆಯ ದಿನ ಅದರ ನಕಲು ಮನೆಗೆ ಬಂತು. ಸೂಜಿ ಗಟ್ಟಿಯಾಗಿ ಓದಿದಳು: 'ಚಪ್ಪಡಿ ಸುಸ್ಥಿತಿಯಲ್ಲಿತ್ತು. ಮುಚ್ಚಳವನ್ನು ಮೃತಳೇ ತೆರೆದಿದ್ದಳು. ಆಕೆಯ ಅಜಾಗರೂಕತೆಯಿಂದಲೇ ಸಾವು ಸಂಭವಿಸಿದೆ. ನಮಗೆ ಯಾರ ಮೇಲೂ ದೂರಿಲ್ಲ.' ಕೆಳಗೆ ಗಂಡನ ಸಹಿ.

ಅವನು ಗೋಡೆಯ ಕಡೆ ತಿರುಗಿ ಕೂತ.

"ನಾನೇ ಬರ್ಕೊಟ್ಟ ಹಂಗಾಯ್ತಲ್ಲೇ," ಅಂದ. "ನಮ್ಮಮ್ಮನ ತಪ್ಪು ಅಂತ ನಾನೇ..."

"ನೀವು ಒಂದು ಸಲ ಸಹಿ ಹಾಕಿದ್ರಿ. ನಾನೂ ಅತ್ತೆನೂ ದಿನಕ್ಕೆ ಏಳುನೂರು ಸಲ ಹಾಕಿದ್ವಿ, ಎಲ್ಲಾ ಚೆನ್ನಾಗಿದೆ ಅಂತ," ಅಂದಳು ಸೂಜಿ. "ಅಳಬೇಡಿ. ಈ ಕಾಗದ ಸುಳ್ಳು ಅಂತ ಅದೇ ಎಂಜಿನಿಯರ್ ಕೈಲಿ ಬರೆಸ್ತೀನಿ. ಅವನ ಅಕ್ಷರದಲ್ಲೇ. ಚಪ್ಪಡಿ ಒಡೆದಿತ್ತು ಅಂತ."

"ಅವನು ಬರೀತಾನಾ?"

"ಬರೀದೆ ಎಲ್ಲಿಗೆ ಹೋಗ್ತಾನೆ, ನೋಡ್ತೀನಿ."

ಮೇಸ್ತ್ರಿ ಏಳುನೂರು ಅಂದು ಹೋದದ್ದು ಇದರ ಮಾರನೆಯ ದಿನ, ಸೋಮವಾರ. ಅವತ್ತು ಸೂಜಿ ಕೆಲಸವನ್ನೆಲ್ಲ ಮಾಡಿದಳು. ಯಂತ್ರದ ಹತ್ತಿರ ಹೋಗಲಿಲ್ಲ. ಹಸಿರು ಮುಖ ಇಡೀ ದಿನ ಹೊತ್ತಿಕೊಂಡೇ ಇತ್ತು. ಒಕ್ಕಣ್ಣಿನಲ್ಲಿ ಅವಳನ್ನೇ ನೋಡುತ್ತಿತ್ತು.

ಮಂಗಳವಾರ ಉಗ್ರಾಣಕ್ಕೆ ಹೋಗುವ ದಿನ. ವಾರಕ್ಕೊಮ್ಮೆ ಮೂವತ್ತೊಂದು ಶೌಚಾಲಯದ ಹೆಂಗಸರೂ ಫಿನಾಯಿಲು, ಆಸಿಡ್, ಪೊರಕೆ ಈಸಿಕೊಳ್ಳಲು ಅಲ್ಲಿ ಸಾಲಾಗಿ ನಿಲ್ಲುತ್ತಾರೆ. ಉಗ್ರಾಣದವನು ಬರುವುದು ಯಾವತ್ತೂ ತಡ. ಆ ಒಂದು ಗಂಟೆ ಯಾರ ಅಪ್ಪನ ಮನೆಯದೂ ಅಲ್ಲ, ಇವರದು. ಸೂಜಿ ಖಾಲಿ ಡ್ರಮ್ಮಿನ ಮೇಲೆ ಹತ್ತಿ ನಿಂತಳು.

"ಏನೇ ಸೂಜಿ, ಓಟಿಗೆ ನಿಂತಿದೀಯಾ?" ಅಂತ ಒಬ್ಬಳು ಕೂಗಿದಳು. ನಕ್ಕರು.

"ನಿಮ್ಮ ಪೈಕಿ ಯಾರಾದ್ರೂ ನಿಮ್ಮ ಕೆಲಸದ ಕಾಗದ ನೋಡಿದೀರಾ?" ಸೂಜಿ ಕೇಳಿದಳು. "ನಾನು ನಿನ್ನೆ ಆಫೀಸಿಗೆ ಹೋಗಿ ನಕಲು ತಗೊಂಡೆ. ಗುಡಿಸೋದು ಅಂತಿದೆ. ತೊಳೆಯೋದು ಅಂತಿದೆ. ನಗೋದು ಅಂತ ಎಲ್ಲೂ ಇಲ್ಲ."

ನಗು ನಿಂತಿತು.

"ನೀರು ಹೊರೋದೂ ಇಲ್ಲ. ಕಾಗದದಲ್ಲಿ ನಲ್ಲಿ ತಿರುಗಿಸಿದ್ರೆ ನೀರು ಬರತ್ತೆ. ಸರಿ. ನಾಳೆಯಿಂದ ನಾವು ಕಾಗದದಲ್ಲಿ ಇರೋದನ್ನೆಲ್ಲ ಮಾಡೋಣ. ಕಾಗದದಲ್ಲಿ ಇಲ್ಲದ್ದು ಒಂದೂ ಬೇಡ. ನಲ್ಲಿ ತಿರುಗಿಸಿ. ನೀರು ಬಂದ್ರೆ ತೊಳೀರಿ. ಯಂತ್ರ ಮುಟ್ಟಬೇಡಿ."

"ಕೆಲಸದಿಂದ ತೆಗೀತಾರೆ," ಅಂದಳು ಬಸ್‌ಸ್ಟ್ಯಾಂಡ್ ಅಕ್ಕ. ಬಸ್ ನಿಲ್ದಾಣದ ಶೌಚಾಲಯದವಳು. ದೊಡ್ಡ ಮೈ, ದೊಡ್ಡ ದನಿ. ಅವಳು ಹೂಂ ಅಂದರೆ ಉಳಿದವರೂ ಹೂಂ ಅನ್ನುತ್ತಿದ್ದರು.

"ಏನಂತ ತೆಗೀತಾರಕ್ಕ? ಸುಳ್ಳು ಒತ್ತಲಿಲ್ಲ ಅಂತಾನಾ? ಹಂಗೆ ಬರೆದ ಕಾಗದ ರಾಜಧಾನಿಗೆ ಹೋದ್ರೆ ರ‍್ಯಾಂಕ್ ಕೊಡೋರು ಊರನ್ನೇ ಪಟ್ಟಿಯಿಂದ ಕಿತ್ತು ಹಾಕ್ತಾರೆ. ಅವರ ಜುಟ್ಟು ನಮ್ಮ ಬೆರಳಲ್ಲಿದೆ. ನಮಗೇ ಗೊತ್ತಿರಲಿಲ್ಲ."

ಬಸ್‌ಸ್ಟ್ಯಾಂಡ್ ಅಕ್ಕ ತನ್ನ ಬೆರಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು. ಉಗುರು ಅರ್ಧ ಇರಲಿಲ್ಲ.

"ನನ್ ಕಟ್ಟಡದ ಗೋಡೆ ಇವತ್ತೋ ನಾಳೆಯೋ ಅಂತಿದೆ ಕಣೇ," ಅಂದಳು. "ಹನ್ನೊಂದು ದೂರು ಹಾಕ್ಸಿದೀನಿ. ಎಲ್ಲದಕ್ಕೂ ಜನ ಖುಷಿಯಾಗಿದಾರೆ ಅಂತಾನೆ ಉತ್ತರ. ಖುಷಿ ಒತ್ತಿದ್ದು ಯಾರು? ನಾನೇ. ನನ್ ಗೋರೀನ ನಾನೇ ಒತ್ತಿ ಒತ್ತಿ ತೋಡ್ತಿದೀನಿ."

ಆಮೇಲೆ ಎಲ್ಲರೂ ಒಟ್ಟಿಗೆ ಬಾಯಿ ಬಿಟ್ಟರು. ಒಬ್ಬಳಿಗೆ ಆಸಿಡ್ಡಿನಿಂದ ಕಣ್ಣು ಮಂಜಾಗಿತ್ತು, ಕೈಗವಸು ಕೇಳಿದ್ದಳು. ಖುಷಿ ಅಂತ ಉತ್ತರ. ಒಬ್ಬಳು ದೀಪದ ವೈರು ನೀರಿಗೆ ತಾಗುತ್ತಿದೆ ಅಂತ ಹೇಳಿದ್ದಳು. ಖುಷಿ. ಒಬ್ಬಳು ಕುಡುಕರು ಬಾಗಿಲು ಮುರಿದಿದ್ದಾರೆ, ಒಳಗೆ ಬಟ್ಟೆ ಬದಲಾಯಿಸಲು ಭಯ ಅಂದಿದ್ದಳು. ಖುಷಿ, ಖುಷಿ. ಮೂವತ್ತೊಂದು ಹೆಂಗಸರು ವರ್ಷವಿಡೀ ತಮ್ಮ ಬಾಯಿಗೆ ತಾವೇ ಬಟ್ಟೆ ತುರುಕಿಕೊಂಡಿದ್ದರು. ಅದು ಗೊತ್ತಾದಾಗ ಒಬ್ಬೊಬ್ಬರೇ ಹೋಗಿ ಮತ್ತೆ ಸಾಲಿನಲ್ಲಿ ನಿಂತರು.

ಉಗ್ರಾಣದವನು ಬಂದ. "ಏನ್ರಮ್ಮಾ, ಇವತ್ತು ಸಂತೆ ಗದ್ದಲ ಇಲ್ಲ?" ಅಂದ.

"ಖುಷಿ ಜಾಸ್ತಿ ಆಗಿದೆ ಅಣ್ಣಾ," ಅಂದಳು ಬಸ್‌ಸ್ಟ್ಯಾಂಡ್ ಅಕ್ಕ. "ಫಿನಾಯಿಲ್ ಕೊಡು."

ಬುಧವಾರ ಊರಿನ ಖುಷಿ ನೆಲಕ್ಕೆ ಬಿತ್ತು. ಮೂವತ್ತೊಂದು ಶೌಚಾಲಯ ಸೇರಿ ಅರವತ್ತು ನಗು. ಹಿಂದಿನ ದಿನ ಹತ್ತೊಂಬತ್ತು ಸಾವಿರ. ಗುರುವಾರ ನೀರಿಲ್ಲದ ಕಕ್ಕಸುಗಳು ನಾರತೊಡಗಿದವು. ಶುಕ್ರವಾರದ ನಾತ ರಸ್ತೆ ದಾಟಿ ಬಸ್ಸಿಗೆ ಕಾಯುವವರ ಮೂಗಿಗೆ ಬಡಿಯಿತು.

ಸೆರಗಿನಿಂದ ಮೂಗು ಮುಚ್ಚಿಕೊಂಡು ಹೊರಗೆ ಬಂದ ಒಬ್ಬಳು ಸೂಜಿಯ ಮೇಲೆ ಹರಿಹಾಯ್ದಳು. "ಸಂಬಳ ತಗೋತೀಯಲ್ಲ, ನಾಚಿಕೆ ಆಗಲ್ವಾ? ಮನುಷ್ಯರು ಹೋಗೋ ಜಾಗಾನಾ ಇದು?"

"ಅಲ್ಲ ಅಮ್ಮಾ," ಅಂದಳು ಸೂಜಿ. "ನೀರು ಬಂದು ವರ್ಷ ಆಯ್ತು. ಇಷ್ಟು ದಿನ ನಾವು ಹೊತ್ತು ತರ್ತಿದ್ವಿ. ಹೊರ್ತಿದ್ದೋಳು ಹಿಂದಿನ ಗುಂಡಿಲಿ ಸತ್ತೋದ್ಳು. ಅಗೋ, ಅಲ್ಲಿ ಅಳೋ ಮುಖ ಇದೆ. ಒತ್ತಿ."

ಆ ಹೆಂಗಸು ಒಂದು ಗಳಿಗೆ ನಿಂತಳು. ವಾಪಸು ಹೋಗಿ ಕೆಂಪು ಮುಖ ಒತ್ತಿದಳು. ಇಪ್ಪತ್ತು ಸೆಕೆಂಡು ಕಾದು, ಇನ್ನೊಂದು ಸಲ ಒತ್ತಿ ಹೋದಳು.

ಮೇಸ್ತ್ರಿ ಬೈದ, ಹೆದರಿಸಿದ, ಕೊನೆಗೆ "ತಾಯಿ, ನಿನ್ನ ಕಾಲು ಹಿಡೀತೀನಿ" ಅಂದ. "ಕಾಲು ಗಲೀಜಾಗಿದೆ, ಬೇಡ," ಅಂದಳು ಸೂಜಿ. ಆಫೀಸಿನ ಜವಾನರನ್ನು ಯಂತ್ರ ಒತ್ತಲು ಕಳಿಸಿದರು. ಬಂದ ಇಬ್ಬರಲ್ಲಿ ಒಬ್ಬ ನಾಲ್ಕು ಸಲ ಒತ್ತಿ ವಾಂತಿ ಮಾಡಿಕೊಂಡ. ಇನ್ನೊಬ್ಬ ಅವನ ವಾಂತಿ ನೋಡಿ ವಾಂತಿ ಮಾಡಿಕೊಂಡ. ಬೇರೆ ಕಡೆಗಳಿಂದಲೂ ಇದೇ ಸುದ್ದಿ ಬಂತು.

ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಐದು ನಿಮಿಷ ಇದ್ದಾಗ ಎಂಜಿನಿಯರನ ಕಾರು ಬಂತು. ಈ ಸಲ ಆಚೆ ಬದಿಯಲ್ಲಿ ನಿಲ್ಲಲಿಲ್ಲ. ಬಾಗಿಲ ಮುಂದೆಯೇ ನಿಂತಿತು. ಸಾಹೇಬ ಇಳಿದ. ನಾಲ್ಕು ವರ್ಷದಲ್ಲಿ ಸೂಜಿ ಅವನ ಕಾಲುಗಳನ್ನು ನೋಡಿದ್ದು ಇದೇ ಮೊದಲು. ಗಿಡ್ಡ ಕಾಲು. ಹೊಳೆಯುವ ಬೂಟು. ಹಿಂದೆಯೇ ಮೇಸ್ತ್ರಿ.

"ಇವತ್ತು ಹನ್ನೆರಡಕ್ಕೆ ವಾರದ ಲೆಕ್ಕ ಮುಚ್ಚತ್ತೆ," ಅಂದ ಎಂಜಿನಿಯರ್. ಕರವಸ್ತ್ರದ ಹಿಂದಿನಿಂದ ಮಾತಾಡುತ್ತಿದ್ದ. "ಮೂವತ್ತೊಂದು ಕಡೆನೂ ಈಗಿಂದ ಕೈ ಎತ್ತದೆ ಒತ್ತಿದ್ರೆ ತಲಾ ಐನೂರ ನಲವತ್ತಂತೆ, ಆಫೀಸಲ್ಲಿ ಲೆಕ್ಕ ಹಾಕಿದಾರೆ. ಮೊದಲನೇ ಸ್ಥಾನ ಹೋಯ್ತು, ಮೂರನೇದಾದ್ರೂ ಉಳಿಯತ್ತೆ. ಮೇಯರ್ ಸಾಹೇಬ್ರು ಬ್ಯಾನರ್ ಪ್ರಿಂಟ್ ಮಾಡ್ಸಿದಾರೆ. ಎಲ್ಲಾ ಹೆಂಗಸರೂ ನಿನ್ನ ಮಾತು ಕೇಳ್ತಾರಂತೆ. ಒತ್ತೋಕೆ ಹೇಳು."

"ನೀವೇ ಒತ್ತಿ ಸಾರ್. ಬೆರಳಿದೆಯಲ್ಲ."

"ಏಯ್!" ಅಂದ ಮೇಸ್ತ್ರಿ.

"ನೀನು ಸುಮ್ನಿರು," ಅಂದ ಎಂಜಿನಿಯರ್. ಅವನ ಕಣ್ಣು ವಾಚಿನ ಮೇಲಿತ್ತು. ಈ ಹೆಂಗಸಿನ ಹತ್ತಿರ ಬೇಡಿಕೊಳ್ಳುವುದಕ್ಕಿಂತ ಒತ್ತುವುದೇ ವಾಸಿ ಅನ್ನಿಸಿರಬೇಕು. ಒಳಗೆ ನುಗ್ಗಿದ.

ಓಣಿಯಲ್ಲಿ ಮೂರು ದಿನದ ಮಲ ಉಕ್ಕಿ ಬಂದಿತ್ತು. ಬೂಟು ಪಚಕ್ಕೆಂದಿತು. ಅವನು ಒತ್ತಿದ. ಮುಖಗಳು ಕಪ್ಪಾದವು. ಮತ್ತೆ ಒತ್ತಿದ. ಏನೂ ಆಗಲಿಲ್ಲ. ಗುದ್ದಿದ.

"ಇಪ್ಪತ್ತು ಸೆಕೆಂಡು ಸಾರ್," ಅಂದಳು ಸೂಜಿ, ಹೊಸ್ತಿಲಲ್ಲಿ ಬಕೆಟ್ ಬೋರಲು ಹಾಕಿ ಕೂತು. "ನಿಮ್ಮದೇ ರೂಲು. ನಿಂತ್ಕೊಳ್ಳಿ. ನಮ್ಮತ್ತೆ ಈ ಹೊತ್ತಲ್ಲಿ ಒಂದು ಕಕ್ಕಸು ಉಜ್ಜಿ ಬರ್ತಿದ್ಳು. ಪೊರಕೆ ಕೊಡ್ಲಾ?"

ಎರಡು. ಮೂರು. ಅವನು ಒತ್ತಿದ್ದನ್ನು ಸೂಜಿ ಗಟ್ಟಿಯಾಗಿ ಎಣಿಸಿದಳು. ಏಳನೆಯದಕ್ಕೆ ಅವನ ಕಣ್ಣಲ್ಲಿ ನೀರು ಬಂತು. ಹನ್ನೊಂದನೆಯದಕ್ಕೆ ಕರವಸ್ತ್ರ ಕೈಯಿಂದ ಬಿತ್ತು. ಬಿದ್ದ ಜಾಗ ನೋಡಿ ಎತ್ತಿಕೊಳ್ಳಲಿಲ್ಲ. ಹದಿನಾಲ್ಕಕ್ಕೆ ಗೋಡೆ ಹಿಡಿದುಕೊಂಡು ಓಕರಿಸಿದ.

"ಹದಿನಾಲ್ಕು. ಇನ್ನು ಐನೂರ ಇಪ್ಪತ್ತಾರು. ಆಮೇಲೆ ಬೇರೆ ಮೂವತ್ತು ಕಡೆ ಹೋಗಬೇಕು ನೀವು."

ಅವನು ತೂರಾಡುತ್ತಾ ಹೊರಗೆ ಬಂದ. ಗಾಳಿ ಎಳೆದುಕೊಂಡ. "ಏನ್ ಬೇಕು ನಿಂಗೆ?" ಅಂದ. "ಪರಿಹಾರ ಬೇಕಾ? ಕೊಡಿಸ್ತೀನಿ. ಕೆಲಸ ಖಾಯಂ ಮಾಡಿಸ್ಲಾ?"

"ಹಿಂದಕ್ಕೆ ಬನ್ನಿ."

ಹಿಂದೆ ಹೊಸ ಚಪ್ಪಡಿ ಬಿಸಿಲಿಗೆ ಬೆಳ್ಳಗೆ ಹೊಳೆಯುತ್ತಿತ್ತು. ಸೂಜಿ ಅದರ ಪಕ್ಕ ನಿಂತು, ಕಾಗದ, ಪೆನ್ನು ಚಾಚಿದಳು.

"ಚಪ್ಪಡಿ ಒಡೆದಿತ್ತು ಅಂತ ಬರೀರಿ."

ಅವನು ಮುಖ ಒರೆಸಿಕೊಂಡ. ವಾಚು ನೋಡಿದ. ಗೀಚಿ ಕೊಟ್ಟ. ಸೂಜಿ ಅಕ್ಷರ ಅಕ್ಷರವಾಗಿ ಓದಿದಳು: 'ಚಪ್ಪಡಿ ಹಳೆಯದಾಗಿತ್ತು.'

"ಹಳೇದಾಗಿದ್ದು ನಮ್ಮತ್ತೆ," ಅಂದಳು. ಕಾಗದ ಹರಿದಳು. ಇನ್ನೊಂದು ಕೊಟ್ಟಳು. "ಚಪ್ಪಡಿ ಒಡೆದಿತ್ತು."

"ನೋಡಮ್ಮಾ, ನಂಗೂ ಹೆಂಡ್ತಿ ಮಕ್ಕಳಿದಾರೆ. ಇದನ್ನ ಬರೆದ್ರೆ ನಾನು ಜೈಲಿಗೆ..."

"ನಮ್ಮತ್ತೆಗೂ ಮಗ ಇದ್ದ. ಅವನ ಕೈಲಿ ಹೆಣ ತೋರ್ಸಿ ಬರೆಸ್ಕೊಂಡ್ರಿ. ನಿಮ್ಮ ಕೈಲಿ ನಾನು ಬರೀ ಮಲ ತೋರ್ಸಿ ಬರೆಸ್ಕೋತಿದೀನಿ. ನಿಮ್ಮದೇ ಅಗ್ಗ. ಒಂದು ನಿಮಿಷಕ್ಕೆ ಮೂರು ನಗು ಹೋಗ್ತಿದೆ ಸಾರ್. ಮೂವತ್ತೊಂದು ಕಡೆ ಸೇರಿ ತೊಂಬತ್ಮೂರು. ಯೋಚ್ನೆ ಮಾಡಿ, ನಿಧಾನಕ್ಕೆ."

ಜೇಬಿನಲ್ಲಿ ಫೋನ್ ಬಡಿದುಕೊಂಡಿತು. ಮೇಯರ್ ಹೆಸರು ನೋಡಿ ಅವಸರದಲ್ಲಿ ಕಿವಿಗೆ ಇಟ್ಟುಕೊಂಡ. "ಆಗ್ತಿದೆ ಸಾರ್, ಆಗ್ತಿದೆ, ಸ್ಪಾಟಲ್ಲೇ ಇದೀನಿ," ಅಂದ. ಅವನು ಸ್ಪಾಟಿನಲ್ಲಿ ನಿಂತು ಸ್ಪಾಟಿನಲ್ಲಿದ್ದೇನೆ ಅಂದದ್ದು ಬಹುಶಃ ಅದೊಂದೇ ಸಲ. ಫೋನ್ ಇಟ್ಟು ಕುಕ್ಕರಗಾಲಿನಲ್ಲಿ ಕೂತ. ತೊಡೆಯ ಮೇಲೆ ಕಾಗದ ಇಟ್ಟುಕೊಂಡ.

ಸೂಜಿ ಹೇಳಿದಳು. ಅವನು ಬರೆದ. ಚಪ್ಪಡಿ ಒಡೆದಿತ್ತು. ಒಂಬತ್ತು ಸಲ ದೂರು ಬಂದಿತ್ತು. ಒಂದು ಸಲವೂ ನಾನು ಸ್ಥಳಕ್ಕೆ ಬಂದಿರಲಿಲ್ಲ. ಬಾರದೆಯೇ ಪರಿಶೀಲಿಸಿದ್ದೇನೆ ಅಂತ ಬರೆದೆ. ನಲ್ಲಿಯಲ್ಲಿ ನೀರಿರಲಿಲ್ಲ. ಹೊಸ ಚಪ್ಪಡಿಯನ್ನು ಸಾವಿನ ನಂತರ ಹಾಕಿಸಿದೆ. ಮಗನ ಸಹಿಯನ್ನು ಮೋಸದಿಂದ ಪಡೆಯಲಾಯಿತು. ಆ ಹೆಂಗಸಿನ ತಪ್ಪು ಏನೂ ಇಲ್ಲ.

"ಆ ಹೆಂಗಸು ಬೇಡ," ಅಂದಳು ಸೂಜಿ. "ಹೊಡೆದು ಹಾಕಿ. ಇಪ್ಪತ್ತೆರಡು ವರ್ಷ ಇಲ್ಲಿ ದುಡಿದ ಕೆಲಸಗಾರ್ತಿ ಅಂತ ಬರೀರಿ."

ಬರೆದ. ಸಹಿ ಹಾಕಿದ. ಮೇಸ್ತ್ರಿ ಕಾರಿನಿಂದ ಸೀಲು ತಂದ. ಸೂಜಿ ಅವನಿಂದಲೇ ಸಾಕ್ಷಿ ಸಹಿ ಹಾಕಿಸಿದಳು. ಕಾಗದದ ಫೋಟೋ ತೆಗೆದು ಗಂಡನ ಫೋನಿಗೆ ಕಳಿಸಿದಳು. ಅವನು ಪೊಲೀಸ್ ಠಾಣೆಯ ಮೆಟ್ಟಿಲ ಮೇಲೆ ಬೆಳಿಗ್ಗೆ ಎಂಟರಿಂದ ಕೂತಿದ್ದ.

"ಆಯ್ತಲ್ಲ?" ಎಂಜಿನಿಯರ್ ಎದ್ದ. ಹತ್ತೂ ಕಾಲು. "ಈಗ ಫೋನ್ ಮಾಡು ಅವರಿಗೆ. ಒತ್ತೋಕೆ ಹೇಳು. ಇನ್ನೂ ಟೈಮಿದೆ."

"ಅವರು ಕಟ್ಟಡಗಳಲ್ಲಿ ಇಲ್ಲ ಸಾರ್."

"ಮತ್ತೆಲ್ಲಿದಾರೆ?"

ಸೂಜಿ ದಾರಿ ಬಿಟ್ಟಳು. ಅವನು ಮೂಲೆ ತಿರುಗಿ ಮುಂಬದಿಗೆ ಬಂದ. ಕಾರು ಕಾಣಲಿಲ್ಲ. ಕಾರಿನ ಸುತ್ತ ಹೆಂಗಸರಿದ್ದರು. ಬಾನೆಟ್ಟಿಗೆ ಒರಗಿಕೊಂಡು, ಬಾಗಿಲಿಗೆ ಬೆನ್ನು ಕೊಟ್ಟು, ಚಕ್ರದ ಪಕ್ಕ ಕೂತು. ಮೂವತ್ತು ಜನ. ಒಬ್ಬೊಬ್ಬರ ಕೈಯಲ್ಲೂ ಒಂದು ಬಿಳಿ ಹಾಳೆ.

ಬಸ್‌ಸ್ಟ್ಯಾಂಡ್ ಅಕ್ಕ ಮುಂದೆ ಬಂದಳು. ಅವನ ತೋಳು ಹಿಡಿದು ಬೋರಲು ಬಕೆಟ್ಟಿನ ಮೇಲೆ ಕೂರಿಸಿದಳು. ಒರಟಾಗಿ ಏನಲ್ಲ. ಆದರೆ ಆ ಕೈಯಿಂದ ಬಿಡಿಸಿಕೊಳ್ಳುವುದು ಅವನಿಂದ ಆಗಲಿಲ್ಲ.

"ಸಾರ್, ನಂದು ಗೋಡೆ," ಅಂದಳು. "ಹನ್ನೊಂದು ದೂರು. ಬರ್ಕೊಳ್ಳಿ."

"ಬರೆದ್ರೆ ಒತ್ತುತೀರಾ?"

ಬಸ್‌ಸ್ಟ್ಯಾಂಡ್ ಅಕ್ಕ ಹಾಳೆ ಮುಂದೆ ಚಾಚಿದಳು. ಅವನು ಗೋಡೆ ಬರೆದ. ವೈರು ಬರೆದ. ಮಂಜಾದ ಕಣ್ಣು ಬರೆದ. ಮುರಿದ ಬಾಗಿಲು ಬರೆದ. ಬೆವರು ಕಾಗದದ ಮೇಲೆ ಬಿದ್ದು ಶಾಯಿ ಹರಡಿದರೆ ಆ ಹಾಳೆ ಬದಲಾಯಿಸಿ ಮತ್ತೆ ಬರೆಸಿದರು. ಫೋನ್ ಬಡಿದುಕೊಳ್ಳುತ್ತಲೇ ಇತ್ತು. ಮೇಸ್ತ್ರಿ ಜಾರಿಕೊಳ್ಳಲು ನೋಡಿದ. ಅವನ ಬೈಕಿನ ಕೀ ಯಾರದೋ ಸೊಂಟಕ್ಕೆ ಸೇರಿತ್ತು.

ಹದಿನೇಳನೆಯ ಹಾಳೆಯ ನಡುವೆ ಎಂಜಿನಿಯರನ ಪೆನ್ನು ನಿಂತಿತು. ಅವನು ವಾಚು ನೋಡಿದ. ತಲೆ ಎತ್ತಿದ. ಮೊದಲ ಸಲ ಕಣ್ಣಲ್ಲಿ ಸಿಟ್ಟು ಬಂತು.

"ಹನ್ನೆರಡು ಹೊಡೀತು," ಅಂದ. "ಎಲ್ಲಾ ಮುಗೀತು. ನಿಮ್ಮ ಹತ್ರ ನಂಗೆ ಬೇಕಾಗಿರೋದು ಇನ್ನೇನೂ ಇಲ್ಲ. ಇನ್ನ್ಯಾಕೆ ಬರೀಬೇಕು ನಾನು?"

ಹದಿನೇಳನೆಯವಳು ಹಾಳೆಯನ್ನು ಅವನ ತೊಡೆಯ ಮೇಲೆ ಸರಿಯಾಗಿ ಇಟ್ಟು, ಗಾಳಿಗೆ ಹಾರದಂತೆ ಬೆರಳಿನಿಂದ ಒತ್ತಿ ಹಿಡಿದಳು. ಉಳಿದವರು ಒಂದು ಹೆಜ್ಜೆ ಹತ್ತಿರ ಬಂದರು. ಅವನು ಅವರ ಮುಖಗಳನ್ನು ಒಂದೊಂದಾಗಿ ನೋಡಿದ. ಆಮೇಲೆ ಅವರ ಕಾಲುಗಳ ಸಂದಿಯಲ್ಲಿ ಎಲ್ಲಿಯಾದರೂ ರಸ್ತೆ ಕಾಣುತ್ತದಾ ಅಂತ ನೋಡಿದ.

"ಇನ್ನೂ ಹದಿಮೂರು ಜನ ಇದಾರೆ," ಅಂದಳು ಸೂಜಿ. "ಬರೀರಿ."

ಅವನು ತಲೆ ತಗ್ಗಿಸಿದ. ಬರೆದ.